ಎಂಟುನೂರು ಆಳಿಗೆ ಐದು ಸಾವಿರ ಕರಪತ್ರ

(ಜಾನ್ ಸ್ಟೈನ್‌ಬೆಕ್ ಅವರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ವಾಚನ ಮುಗಿದ ದಿನ ನಮ್ಮ ಅಧ್ಯಯನ ಮಂಡಲದಲ್ಲಿ ಮಾಡಿದ ಭಾಷಣ)



ಏಳು ಭಾನುವಾರ ಕೂತು ಈ ದಪ್ಪ ಪುಸ್ತಕವನ್ನು ಮುಗಿಸಿದ್ದೇವೆ. ಇಂಗ್ಲಿಷ್ ಬಲ್ಲ ಇಬ್ಬರು ಪುಟ ಪುಟವಾಗಿ ಓದಿ ಕನ್ನಡದಲ್ಲಿ ಹೇಳಿದರು. ಉಳಿದವರು ಕೇಳಿದೆವು, ನಡುನಡುವೆ ಜಗಳವನ್ನೂ ಆಡಿದೆವು. ಇವತ್ತು ಕಥೆಯ ಸಾರಾಂಶ ಒಪ್ಪಿಸಿ ಕೂತುಬಿಡುವುದು ಸುಲಭವಾಗಿತ್ತು. ಆದರೆ ನಾಲ್ಕನೆಯ ಭಾನುವಾರ ಎದ್ದ ಎರಡು ಪ್ರಶ್ನೆಗಳಿಗೆ ಅಂದು ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ನೂಲುವ ಖಾತೆಯ ಹಿರಿಯರೊಬ್ಬರು ಕೇಳಿದರು: “ಕಡಿಮೆ ಕೂಲಿಗೆ ಒಪ್ಪಿ ಬರುವವನೇ ನಮ್ಮ ಹೊಟ್ಟೆಯ ಮೇಲೆ ಹೊಡೆಯುವವನು. ಅವನಿಗಾಗಿ ನಾವೇಕೆ ಮರುಗಬೇಕು?” ಕಿರಾಣಿ ಅಂಗಡಿಯ ಮಿತ್ರರೊಬ್ಬರು ಕೇಳಿದರು: “ಪುಸ್ತಕದ ಉದ್ದಕ್ಕೂ ಅಂಗಡಿಯವನೇ ಕಳ್ಳ. ಉದ್ರಿ ಕೊಟ್ಟು ಮುಳುಗಿದವನ ಕಥೆಯನ್ನು ಯಾರು ಬರೆಯುತ್ತಾರೆ?” ಎರಡೂ ಹಗುರವಾಗಿ ತಳ್ಳಿಹಾಕುವ ಪ್ರಶ್ನೆಗಳಲ್ಲ. ಇವುಗಳ ಸುತ್ತಲೇ ಮಾತನಾಡುತ್ತೇವೆ.

ಮೊದಲು ಕಥೆಯನ್ನು ಎರಡು ಮಾತಿನಲ್ಲಿ ನೆನಪಿಸಿಕೊಳ್ಳೋಣ. ಅಮೆರಿಕದ ಓಕ್ಲಹೋಮ ಪ್ರಾಂತದಲ್ಲಿ ಸ್ಯಾಲಿಸಾ ಎಂಬ ಊರಿನ ಬಳಿ ಜೋಡ್ ಎಂಬ ಒಕ್ಕಲು ಮನೆತನ. ಒಂದು ಕಾಲಕ್ಕೆ ಭೂಮಿ ಅವರದೇ. ಸಾಲದಲ್ಲಿ ಅದು ಕೈಬಿಟ್ಟು, ತಮ್ಮದೇ ಹೊಲಕ್ಕೆ ಪಾಲುಗಾರರಾದರು. ಕೊನೆಗೆ ಬ್ಯಾಂಕು ಮತ್ತು ಕಂಪನಿ ಟ್ರಾಕ್ಟರು ತಂದು ಮನೆಯ ಮೂಲೆಯನ್ನೇ ಕೆಡವಿ ಎಬ್ಬಿಸಿದವು. ಎರಡನೆಯ ಮಗ ಟಾಮ್ ಒಂದು ಹೊಡೆದಾಟದಲ್ಲಿ ಕೊಲೆಮಾಡಿ ಜೈಲಿಗೆ ಹೋಗಿದ್ದವನು, ಬಿಡುಗಡೆಯಾಗಿ ಬರುವ ಹೊತ್ತಿಗೆ ಮನೆಯೇ ಖಾಲಿ. ಸಾಮಾನು, ಕುದುರೆ, ಬಂಡಿ ಎಲ್ಲವನ್ನೂ ಮಾರಿದರೆ ಸಿಕ್ಕಿದ್ದು 18 ಡಾಲರು. ಹಳೆಯ ಮೋಟಾರೊಂದನ್ನು ಕೊಂಡು, ಅದರ ಹಿಂಭಾಗ ಕತ್ತರಿಸಿ ಲಾರಿ ಮಾಡಿಕೊಂಡು, ಮನೆಯ ಹನ್ನೆರಡು ಜನ, ಜೊತೆಗೆ ಉಪದೇಶದ ಕೆಲಸ ಬಿಟ್ಟ ಪಾದ್ರಿ ಕೇಸಿ, ಒಟ್ಟು ಹದಿಮೂರು ಮಂದಿ 66ನೆಯ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಕ್ಕೆ ಹೊರಟರು. ಅಜ್ಜ ಮೊದಲ ರಾತ್ರಿಯೇ ತೀರಿಕೊಂಡ. ಮರುಭೂಮಿ ದಾಟುವಾಗ ಅಜ್ಜಿ ಹೋದಳು. ಎಲ್ಲಿ ತಡೆದು ನಿಲ್ಲಿಸಿಬಿಡುತ್ತಾರೋ ಎಂದು ತಾಯಿ ಯಾರಿಗೂ ಹೇಳದೆ ಇಡೀ ರಾತ್ರಿ ಆ ಹೆಣದ ಪಕ್ಕದಲ್ಲಿ ಮಲಗಿಯೇ ಬಂದಳು. ಕೊನೆಯ ಅಧ್ಯಾಯದ ಮಳೆಯಲ್ಲಿ ಕೊಟ್ಟಿಗೆಯೊಂದನ್ನು ಸೇರುವ ಹೊತ್ತಿಗೆ ಜೊತೆಯಲ್ಲಿ ಉಳಿದವರು ಆರೇ ಜನ.

ನಮ್ಮ ಕಡೆಯಾದರೆ ಇದಕ್ಕೆ ಗುಳೆ ಹೋಗುವುದು ಎನ್ನುತ್ತೇವೆ. ಆ ಮಾತು ಬಂದಾಗ ಇಲ್ಲಿ ಕೆಲವರು ತಲೆ ತಗ್ಗಿಸಿದ್ದನ್ನು ನಾವು ನೋಡಿದೆವು.

ಈಗ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಧೂಳು ಬಂತು, ಮಳೆ ಹೋಯಿತು, ಜನ ಎದ್ದರು ಎಂದು ನಮ್ಮಲ್ಲಿ ಅನೇಕರು ತಿಳಿದರು. ಧೂಳು ಬಂದದ್ದು ನಿಜವೇ. 1935ರ ಏಪ್ರಿಲ್ 14ರ ಭಾನುವಾರ ಆ ಬಯಲುಸೀಮೆಯಲ್ಲಿ ಹಾಡುಹಗಲೇ ಕತ್ತಲೆ ಕವಿದು, ಆ ದಿನಕ್ಕೆ ಕರಿಯ ಭಾನುವಾರವೆಂದೇ ಹೆಸರು ಬಿದ್ದಿತು. ಆದರೆ ಧೂಳಿನ ಹಾವಳಿ ಮುಖ್ಯವಾಗಿ ಓಕ್ಲಹೋಮದ ಪಶ್ಚಿಮದ ತುದಿ, ಕಾನ್ಸಾಸ್, ಟೆಕ್ಸಾಸ್, ಕೊಲೊರಾಡೊಗಳ ಕಡೆ. ಸ್ಯಾಲಿಸಾ ಇರುವುದು ಪೂರ್ವದ ಅಂಚಿನಲ್ಲಿ. ಅಲ್ಲಿಯವರನ್ನು ಎಬ್ಬಿಸಿದ್ದು ಬರಿಯ ಗಾಳಿಯಲ್ಲ. ಹತ್ತಿಯ ಬೆಲೆ ಬಿದ್ದಿತ್ತು, ಓಕ್ಲಹೋಮದ ಅರ್ಧಕ್ಕಿಂತ ಹೆಚ್ಚು ಹೊಲಗಳು ಗೇಣಿದಾರರ ಕೈಯಲ್ಲಿದ್ದವು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಲೆ ಏರಿಸಲು, ಭೂಮಿಯನ್ನು ಬೀಳುಬಿಟ್ಟವರಿಗೆ ಹಣ ಕೊಡುವ ಕಾನೂನು ತಂದಿತು. ಹಣ ಹೆಚ್ಚಾಗಿ ಸೇರಿದ್ದು ಭೂಮಾಲೀಕನಿಗೆ. ಆತ ಗೇಣಿದಾರನನ್ನು ಬಿಡಿಸಿದ, ಬಂದ ಹಣದಲ್ಲಿ ಟ್ರಾಕ್ಟರು ಕೊಂಡ. ಬಡವನಿಗೆ ಒಳ್ಳೆಯದಾಗಲೆಂದು ಹೊರಟ ಕಾನೂನು ಬಡವನನ್ನೇ ದಾರಿಗೆ ಹಾಕಿದ್ದು ಹೀಗೆ. ಒಳ್ಳೆಯ ಸರ್ಕಾರ ಬಂದರೆ ಸಾಕು ಎನ್ನುವ ನಮ್ಮ ಮಿತ್ರರು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕು. 1930ರ ದಶಕದಲ್ಲಿ ಓಕ್ಲಹೋಮ, ಟೆಕ್ಸಾಸ್, ಆರ್ಕನ್ಸಾ, ಮಿಸೌರಿ ಈ ನಾಲ್ಕು ಪ್ರಾಂತಗಳಿಂದ ಕ್ಯಾಲಿಫೋರ್ನಿಯಕ್ಕೆ ನಡೆದವರು 3 ಲಕ್ಷಕ್ಕೂ ಹೆಚ್ಚು. ಅವರಿಗೆ ಅಲ್ಲಿ ಬಿದ್ದ ಹೆಸರು ‘ಓಕಿ’. ಊರಿನ ಹೆಸರೇ ಬೈಗುಳವಾಯಿತು.

ಹಿರಿಯರ ಪ್ರಶ್ನೆಗೆ ಬರುತ್ತೇವೆ. ಜೋಡ್ ಮನೆಯವರ ಜೇಬಿನಲ್ಲಿ ಒಂದು ಕರಪತ್ರವಿದೆ: ಬಟಾಣಿ ಬಿಡಿಸಲು ಕ್ಯಾಲಿಫೋರ್ನಿಯದಲ್ಲಿ ಆಳು ಬೇಕು, ಒಳ್ಳೆಯ ಕೂಲಿ. ದಾರಿಯಲ್ಲಿ ಒಂದು ರಾತ್ರಿ ತಂಗುದಾಣದಲ್ಲಿ, ಚಿಂದಿಯುಟ್ಟ ಒಬ್ಬ ಮನುಷ್ಯ ಎದುರಾಗುತ್ತಾನೆ. ಎಲ್ಲರೂ ಪಶ್ಚಿಮಕ್ಕೆ ಹೋಗುತ್ತಿದ್ದರೆ ಅವನೊಬ್ಬ ಹಿಂದಕ್ಕೆ ಬರುತ್ತಿದ್ದಾನೆ. ಅವನು ಹೇಳುವ ಲೆಕ್ಕವೇ ಈ ಕಾದಂಬರಿಯ ಬೆನ್ನುಮೂಳೆಯೆಂದು ನಮ್ಮ ಅಭಿಪ್ರಾಯ. ತೋಟದವನಿಗೆ ಬೇಕಾದದ್ದು ಎಂಟುನೂರು ಆಳು. ಅಚ್ಚು ಹಾಕಿಸುವುದು ಐದು ಸಾವಿರ ಕರಪತ್ರ. ಅದನ್ನು ಓದಿದವರು ಇಪ್ಪತ್ತು ಸಾವಿರ. ಅವರಲ್ಲಿ ಎರಡು ಮೂರು ಸಾವಿರ ಜನ ಹೊರಟು ಬರುತ್ತಾರೆ. ಬಂದವರು ಬಾಗಿಲಲ್ಲಿ ನಿಂತಾಗ, ಯಾರ ಮಕ್ಕಳು ಹೆಚ್ಚು ಹಸಿದಿದ್ದಾರೋ ಅವನು ಎಲ್ಲರಿಗಿಂತ ಕಡಿಮೆಗೆ ಒಪ್ಪುತ್ತಾನೆ. ಆದುದರಿಂದಲೇ ಮೇಸ್ತ್ರಿಗೆ ಮಕ್ಕಳೊಂದಿಗನಾದ ಆಳೆಂದರೆ ಇಷ್ಟ! ಹಾಗೆಂದು ಹೇಳುವವನ ಎರಡು ಮಕ್ಕಳು ಹಸಿವಿನಿಂದ ಸತ್ತಿವೆ. ಸರ್ಕಾರಿ ವರದಿಯಲ್ಲಿ ಕಾರಣ ಬರೆದಿರುವುದು ಹೃದಯ ನಿಂತದ್ದರಿಂದ ಎಂದು.

ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಕ್ಕೆ ಕಾದು ನಿಂತವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಹೊಸಬ ಬಂದದ್ದರಿಂದ ಕೂಲಿ ಇಳಿಯಿತು. ಕಾದಂಬರಿಯೂ ಅದನ್ನು ಅಲ್ಲಗಳೆಯುವುದಿಲ್ಲ. ಪೀಚ್ ಹಣ್ಣಿನ ತೋಟದ ಪ್ರಸಂಗವನ್ನು ನೆನೆಯಿರಿ. ಮೋಟಾರ್ ಸೈಕಲ್ ಪೊಲೀಸರ ಕಾವಲಿನಲ್ಲಿ ಜೋಡ್ ಮನೆಯವರನ್ನು ತೋಟದ ಒಳಕ್ಕೆ ಬಿಡುತ್ತಾರೆ. ರಸ್ತೆಯ ಬದಿಯಲ್ಲಿ ನಿಂತು ಕೂಗುತ್ತಿರುವವರು ಯಾರೆಂದು ಇವರಿಗೆ ಗೊತ್ತಿಲ್ಲ. ಪೆಟ್ಟಿಗೆಗೆ 5 ಸೆಂಟಿನಂತೆ ಬಿಡಿಸುತ್ತಾರೆ. ರಾತ್ರಿ ಟಾಮ್ ಬೇಲಿ ನುಸುಳಿ ಹೊರಗೆ ಹೋದಾಗ ಸಿಕ್ಕವನು ಕೇಸಿ. ಮುಷ್ಕರ ಹೂಡಿದವರ ಮುಂದಾಳು ಅವನೇ. ಮಾಲೀಕ ತಮಗೆ ಎರಡೂವರೆ ಸೆಂಟು ಕೊಡುತ್ತೇನೆಂದನು, ನಿಮಗೆ ಐದು ಕೊಡುವುದು ನಮ್ಮನ್ನು ಮುರಿಯುವವರೆಗೆ ಮಾತ್ರ, ಎಂದು ಕೇಸಿ ತಿಳಿಸುತ್ತಾನೆ. ಅದೇ ರಾತ್ರಿ ಅವನ ತಲೆ ಒಡೆಯುತ್ತಾರೆ. ಟಾಮ್ ಕೈಗೆ ಸಿಕ್ಕ ಗುದ್ದಲಿಯ ಕಾವಿನಿಂದ ಹೊಡೆದವನನ್ನು ಹೊಡೆದು ಓಡಿಹೋಗುತ್ತಾನೆ. ಬೆಳಗಾದರೆ ಕೂಲಿ ಎರಡೂವರೆ ಸೆಂಟು.

ಇಲ್ಲಿ ಲೇಖಕರು ನಮಗೆ ಸುಲಭವಾದ ದಾರಿಯೊಂದನ್ನೂ ಬಿಟ್ಟಿಲ್ಲ. ನಾವು ಇನ್ನೂರು ಪುಟ ಹಿಂಬಾಲಿಸಿ ಪ್ರೀತಿಸಿದ ಮನೆಯವರೇ ಮುಷ್ಕರ ಮುರಿಯುವವರಾಗಿ ಒಳಗಿದ್ದಾರೆ. ಮಕ್ಕಳಿಗೆ ಹಾಲಿಲ್ಲ, ಬಸುರಿ ಮಗಳಿಗೆ ಊಟವಿಲ್ಲ, ಆದ್ದರಿಂದ ಹೋದರು. ಅವರನ್ನು ದ್ರೋಹಿಗಳೆನ್ನುತ್ತೀರಾ? ಎನ್ನಬಹುದು. ಆದರೆ ಕರಪತ್ರ ಅಚ್ಚು ಹಾಕಿಸಿದವನ ಹೆಸರು ಆ ಬೈಗುಳದಲ್ಲಿ ಎಲ್ಲಿದೆ? ಟ್ರಾಕ್ಟರಿನ ಪ್ರಸಂಗದಲ್ಲಿ ಒಬ್ಬ ಒಕ್ಕಲಿಗ ಬಂದೂಕು ಹಿಡಿದು, ಯಾರನ್ನು ಹೊಡೆಯಲಿ ಎಂದು ಕೇಳುತ್ತಾನೆ. ಓಡಿಸುವವನು ನೆರೆಯ ಹುಡುಗ, ದಿನಕ್ಕೆ 3 ಡಾಲರಿನ ಆಸೆಗೆ ಬಂದವನು. ಅವನ ಮೇಲೆ ಬ್ಯಾಂಕಿನವನು, ಅವನ ಮೇಲೆ ದೂರದ ಪಟ್ಟಣದ ನಿರ್ದೇಶಕರು. ಗುರಿ ಹಿಂದೆ ಹಿಂದೆ ಸರಿಯುತ್ತದೆ. ಕಣ್ಣಿಗೆ ಕಾಣುವವನು ಮಾತ್ರ ಯಾವಾಗಲೂ ನಮ್ಮಂಥವನೇ.

ಇನ್ನು ಅಂಗಡಿಯ ಮಿತ್ರರ ಮಾತು. ಪುಸ್ತಕದ ಉದ್ದಕ್ಕೂ ಅಂಗಡಿಯವನು ಕಳ್ಳ ಎಂದರು. ಹಳೆಯ ಮೋಟಾರು ಮಾರುವವನು ಕಳ್ಳನೇ, ಒಪ್ಪಿದೆವು. ಬ್ಯಾಟರಿ ಬದಲಿಸಿ ಕೊಡುವ ಅವನ ಕೈಚಳಕ ಓದಿದಾಗ ಇಲ್ಲಿ ಎಲ್ಲರೂ ನಕ್ಕರು. ಆದರೆ ಇನ್ನೆರಡು ಅಂಗಡಿಗಳಿವೆ. ಅವನ್ನು ಅವರು ಅವಸರದಲ್ಲಿ ದಾಟಿಬಿಟ್ಟರೆಂದು ಕಾಣುತ್ತದೆ.

ಒಂದು, 66ನೆಯ ರಸ್ತೆಯ ಪಕ್ಕದ ತಿಂಡಿ ಅಂಗಡಿ. ನಡೆಸುವವಳು ಮೇ ಎಂಬ ಹೆಂಗಸು, ಒಲೆಯ ಮುಂದೆ ಆಲ್ ಎಂಬವನು. ಒಂದು ಬಡ ಸಂಸಾರ ಬಂದು, ಊಟ ಕೊಳ್ಳುವ ಶಕ್ತಿಯಿಲ್ಲ, 10 ಸೆಂಟಿಗೆ ಬ್ರೆಡ್ ಕೊಡಿ ಎನ್ನುತ್ತದೆ. ಬ್ರೆಡ್ಡಿನ ಬೆಲೆ 15. ಮೇ ಆಗುವುದಿಲ್ಲ ಎನ್ನುತ್ತಾಳೆ. ಆಲ್ ಒಳಗಿನಿಂದ ಗದರಿಕೊಂಡು, ಕೊಟ್ಟುಬಿಡು ಎನ್ನುತ್ತಾನೆ. ಮಕ್ಕಳಿಬ್ಬರು ಗಾಜಿನ ಪೆಟ್ಟಿಗೆಯೊಳಗಿನ ಮಿಠಾಯಿಯನ್ನೇ ನೋಡುತ್ತ ನಿಂತಿದ್ದಾರೆ. ಒಂದಕ್ಕೆ 5 ಸೆಂಟಾದ ಮಿಠಾಯಿಯನ್ನು ಒಂದು ಸೆಂಟಿಗೆ ಎರಡೆಂದು ಸುಳ್ಳು ಹೇಳಿ ಕೊಡುತ್ತಾಳೆ. ಇದನ್ನು ನೋಡುತ್ತಿದ್ದ ಲಾರಿ ಡ್ರೈವರುಗಳು ಏನೂ ಹೇಳದೆ, ತಿಂದದ್ದಕ್ಕಿಂತ ಬಹಳ ಹೆಚ್ಚು ಹಣವಿಟ್ಟು ಹೋಗುತ್ತಾರೆ. ಅಂಗಡಿಯ ಲೆಕ್ಕದಲ್ಲಿ ನಷ್ಟವನ್ನು ತುಂಬಿದವರು ಮತ್ತೆ ಕೂಲಿಯವರೇ.

ಎರಡನೆಯದು ಪೀಚ್ ತೋಟದೊಳಗಿನ ಕಂಪನಿಯ ಅಂಗಡಿ. ಇಡೀ ಮನೆ ದುಡಿದು ಇಪ್ಪತ್ತು ಪೆಟ್ಟಿಗೆ ತುಂಬಿ, ಒಂದು ಡಾಲರಿನ ಚೀಟಿ ಹಿಡಿದು ತಾಯಿ ಹೋಗುತ್ತಾಳೆ. ಎಲ್ಲದಕ್ಕೂ ಪಟ್ಟಣಕ್ಕಿಂತ ಹೆಚ್ಚು ಬೆಲೆ. ಪಟ್ಟಣಕ್ಕೆ ಹೋಗಬೇಕೆಂದರೆ ಪೆಟ್ರೋಲಿಗೆ ದುಡ್ಡು ಬೇಕು, ಅದನ್ನು ಮಾಲೀಕ ಬಲ್ಲ. ಗಲ್ಲಾದ ಹಿಂದೆ ನಿಂತ ಗುಮಾಸ್ತ ಮೊದಲು ಕುಹಕವಾಡುತ್ತಾನೆ. ಆಕೆ, ಈ ಅಂಗಡಿ ನಿನ್ನದೇ ಏನು ಎಂಬ ಬಗೆಯ ಪ್ರಶ್ನೆಗಳನ್ನು ಮೆಲ್ಲಗೆ ಕೇಳುತ್ತ ಹೋದಂತೆ ಅವನ ಮುಖ ಇಳಿಯುತ್ತದೆ. ಅವನೂ ಹೊಟ್ಟೆಗಾಗಿಯೇ ನಿಂತವನು. ಚೀಟಿ ಮುಗಿದು, ಕಾಫಿಗೆ ಸಕ್ಕರೆ ಬಾಕಿ. 10 ಸೆಂಟಿನ ಸಕ್ಕರೆಯನ್ನು ಉದ್ರಿ ಕೊಡಲು ಅವನಿಗೆ ಅಧಿಕಾರವಿಲ್ಲ. ಕೊನೆಗೆ ತನ್ನ ಜೇಬಿನಿಂದಲೇ 10 ಸೆಂಟು ತೆಗೆದು ಗಲ್ಲಾಕ್ಕೆ ಹಾಕಿ, ಸಕ್ಕರೆ ಕಟ್ಟಿಕೊಡುತ್ತಾನೆ. ಕಷ್ಟ ಬಂದಾಗ ಹೋಗಬೇಕಾದದ್ದು ಬಡವರ ಬಾಗಿಲಿಗೇ ಎಂದು ತಾಯಿ ಅಲ್ಲಿ ಕಲಿಯುತ್ತಾಳೆ. ಮಿತ್ರರೇ, ಇದು ಅಂಗಡಿಯವನನ್ನು ಕಳ್ಳನೆನ್ನುವ ಪುಸ್ತಕವೇ? ಗಲ್ಲಾ ಯಾರದು, ಗಲ್ಲಾದ ಹಿಂದೆ ನಿಂತವನು ಯಾರು ಎಂದು ಬೇರೆ ಬೇರೆಯಾಗಿ ನೋಡುವ ಪುಸ್ತಕ.

ಆದರೆ ಮುಖಸ್ತುತಿ ಮಾಡಲು ನಾವು ಇಲ್ಲಿ ನಿಂತಿಲ್ಲ. 21ನೆಯ ಅಧ್ಯಾಯ ಸಣ್ಣ ವ್ಯಾಪಾರಿಗೆ ಕಹಿಯೇ. ವಲಸಿಗರು ಬಂದು ತುಂಬಿದಾಗ ಊರಿನವರು ಹೆದರಿ, ದಂಡು ಕಟ್ಟಿ, ದೊಣ್ಣೆ ಬಂದೂಕು ಹಿಡಿದು ರಾತ್ರಿ ಕವಾಯತು ಮಾಡುತ್ತಾರೆ. ಯಾರು ಅವರು? ವಾರಕ್ಕೆ 15 ಡಾಲರಿನ ಗುಮಾಸ್ತ, ಹೊಸಬ 12ಕ್ಕೆ ಒಪ್ಪಿಬಿಟ್ಟರೆ ಎಂದು ಹೆದರಿದವನು. ಸಾಲ ಬಿಟ್ಟರೆ ಬೇರೆ ಸ್ವತ್ತಿಲ್ಲದ ಚಿಲ್ಲರೆ ವ್ಯಾಪಾರಿ. ಒಂದು ಗೇಣು ನೆಲವಿಲ್ಲದವರು ಸಾವಿರಾರು ಎಕರೆಯವನ ಕಾವಲಿಗೆ ನಿಂತರು. ಅದೇ ಹೊತ್ತಿನಲ್ಲಿ ಆ ದೊಡ್ಡವನು ಏನು ಮಾಡುತ್ತಿದ್ದ? ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯನ್ನು ತಾನೇ ಕೊಂಡ. ಹಣ್ಣಿನ ದರವನ್ನು ಬೆಳೆಸಿದ ಖರ್ಚಿಗಿಂತ ಕೆಳಕ್ಕಿಳಿಸಿದ, ಡಬ್ಬಿಯ ದರವನ್ನು ಇಳಿಸಲಿಲ್ಲ. ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಗೆ ಬಂತು. ಎರಡನೆಯ ಕೈ ಇಲ್ಲದ ಸಣ್ಣ ತೋಟದವನು ಮುಳುಗಿದ. ಅವನ ಜೊತೆಗೆ ಅವನಿಗೆ ಉದ್ರಿ ಕೊಟ್ಟ ಅಂಗಡಿ. ಉದ್ರಿ ಕೊಟ್ಟು ಮುಳುಗಿದವನ ಕಥೆಯನ್ನು ಯಾರು ಬರೆಯುತ್ತಾರೆ ಎಂದು ಕೇಳಿದಿರಲ್ಲ, ಅದು ಇಲ್ಲಿದೆ. ಕೂಲಿಯ ವಿಷಯವೂ ಹಾಗೆಯೇ. ಥಾಮಸ್ ಎಂಬ ಸಣ್ಣ ಹಿಡುವಳಿಯವನು ಗಂಟೆಗೆ 30 ಸೆಂಟು ಕೊಡುತ್ತಿದ್ದವನು, 25ಕ್ಕೆ ಇಳಿಸದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ನಾಚಿಕೊಂಡು ಇಳಿಸುತ್ತಾನೆ.

ಇದೆಲ್ಲ ಕಟ್ಟುಕಥೆಯೋ ಎಂದು ಯಾರೋ ಕೇಳಿದ್ದರು. ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯದ ಸಲಿನಾಸ್ ಎಂಬ ಬೇಸಾಯದ ಊರಿನಲ್ಲೇ. 1936ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಪತ್ರಿಕೆಗಾಗಿ ವಲಸಿಗರ ಬಿಡಾರಗಳನ್ನು ಸುತ್ತಿ ಏಳು ಲೇಖನ ಬರೆದರು. ಆರ್ವಿನ್ ಎಂಬಲ್ಲಿ ಸರ್ಕಾರ ನಡೆಸುತ್ತಿದ್ದ ಬಿಡಾರದ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಅವರ ವರದಿಗಳು ನೆರವಿಗೆ ಬಂದವು. ಪುಸ್ತಕದ ಅರ್ಪಣೆಯಲ್ಲಿ ಪತ್ನಿ ಕ್ಯಾರಲ್ ಅವರೊಂದಿಗೆ ಅವರ ಹೆಸರೂ ಇದೆ. ಕಾದಂಬರಿಯಲ್ಲಿ ಕಕ್ಕಸು, ಬಿಸಿನೀರು, ತಾವೇ ಆರಿಸಿದ ಸಮಿತಿ ಇರುವ ಬಿಡಾರ ಬರುತ್ತದಲ್ಲ, ಅದು ಇದೇ. ಪೊಲೀಸರು ಒಳಗೆ ಬರಲು ನೆವ ಸಿಗಲೆಂದು ಕುಣಿತದ ರಾತ್ರಿ ಗಲಭೆ ಎಬ್ಬಿಸಲು ಬಂದವರನ್ನು, ಆ ಸಮಿತಿಯವರು ಒಂದು ಏಟೂ ಹೊಡೆಯದೆ ಹೊರಗೆ ಸಾಗಿಸಿದ ಪ್ರಸಂಗವನ್ನು ನಮ್ಮ ಸಂಘದ ಕಾರ್ಯಕರ್ತರು ಎರಡು ಸಲ ಓದಿಸಿಕೊಂಡರು. ಸರಿಯಾಗಿಯೇ ಮಾಡಿದರು.

ಪುಸ್ತಕ 1939ರ ಏಪ್ರಿಲ್‌ನಲ್ಲಿ ಹೊರಬಂತು. ಅದೇ ಆಗಸ್ಟ್‌ನಲ್ಲಿ, ಜೋಡ್ ಮನೆಯವರು ಬಂದು ಇಳಿದ ಕರ್ನ್ ಜಿಲ್ಲೆಯ ಆಡಳಿತ ಮಂಡಲಿ 4ಕ್ಕೆ 1 ಮತದಿಂದ ಅದನ್ನು ಜಿಲ್ಲೆಯ ಪುಸ್ತಕಾಲಯ, ಶಾಲೆಗಳಿಂದ ಹೊರಹಾಕಿತು. ಗ್ರೆಚನ್ ನೀಫ್ ಎಂಬ ಜಿಲ್ಲಾ ಗ್ರಂಥಪಾಲಕಿ, ಸಂಬಳ ಕೊಡುವವರಿಗೇ ಪತ್ರ ಬರೆದು ಪ್ರತಿಭಟಿಸಿದರು. ಆದರೂ ನಿಷೇಧ 1941ರವರೆಗೆ ನಡೆಯಿತು. ದೊಡ್ಡ ತೋಟದವನೊಬ್ಬ ಈ ಪುಸ್ತಕವನ್ನು ಸುಡಿಸಿ ಫೋಟೋ ತೆಗೆಸಿದ. ಬೆಂಕಿ ಹಚ್ಚಿದ ಕೈ ಅವನದಲ್ಲ. ಅವನ ಬಳಿ ದುಡಿಯುತ್ತಿದ್ದ, ಪುಸ್ತಕವನ್ನು ಓದಿಯೇ ಇರದ ಒಬ್ಬ ಕೂಲಿಯದು. 1940ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು, ಅದೇ ವರ್ಷ ಸಿನಿಮಾ ಆಯಿತು, 1962ರಲ್ಲಿ ಲೇಖಕರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇವು ನಮಗೆ ಅಷ್ಟು ಮುಖ್ಯವಲ್ಲ.

ಪುಸ್ತಕದ ಕೊರತೆಯನ್ನೂ ಹೇಳಿಬಿಡಬೇಕು. ಪ್ರೀತಿಯಿಂದ ಓದಿದವರಿಗೆ ಆ ಹಕ್ಕಿದೆ. ಓಕಿಗಳು ಬರುವ ಮೊದಲು ಆ ತೋಟಗಳಲ್ಲಿ ಯಾರು ದುಡಿಯುತ್ತಿದ್ದರು? ಚೀನೀಯರು, ಜಪಾನೀಯರು, ಫಿಲಿಪಿನೋಗಳು, ಮೆಕ್ಸಿಕನ್ನರು. 1930ರ ದಶಕದ ಆರಂಭದಲ್ಲಿ ಲಕ್ಷಾಂತರ ಮೆಕ್ಸಿಕನ್ನರನ್ನು ದೇಶದಿಂದಲೇ ಹೊರಗಟ್ಟಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದವರೂ ಅನೇಕರು. 1933ರ ಅಕ್ಟೋಬರ್‌ನಲ್ಲಿ ಅದೇ ಕಣಿವೆಯಲ್ಲಿ ಸುಮಾರು 18,000 ಹತ್ತಿ ಬಿಡಿಸುವವರು, ಬಹುಪಾಲು ಮೆಕ್ಸಿಕನ್ನರು, ಮುಷ್ಕರ ಹೂಡಿದ್ದರು. ನೂರು ಪೌಂಡಿಗೆ 60 ಸೆಂಟು ಎಂದ ಮಾಲೀಕರಿಂದ, ಮೂವರು ಗುಂಡಿಗೆ ಬಲಿಯಾದ ಮೇಲೆ, 75 ಸೆಂಟು ಪಡೆದರು. ಕಾದಂಬರಿಯಲ್ಲಿ ಇವರು ಬದಿಯ ನೆರಳಾಗಿ ಮಾತ್ರ ಬರುತ್ತಾರೆ. ಇನ್ನೊಂದು ಅನ್ಯಾಯ ಪುಸ್ತಕದೊಳಗಿನದಲ್ಲ, ಪುಸ್ತಕ ವ್ಯಾಪಾರದ್ದು. ಸನೋರಾ ಬ್ಯಾಬ್ ಎಂಬ ಲೇಖಕಿ ಅದೇ ಬಿಡಾರಗಳಲ್ಲಿ ದುಡಿದು, ಅದೇ ಜನರ ಬಗ್ಗೆ ಕಾದಂಬರಿ ಬರೆದಿದ್ದರು. ಸ್ಟೈನ್‌ಬೆಕ್ ಪುಸ್ತಕ ಮಾರುಕಟ್ಟೆ ತುಂಬಿದಾಗ ಪ್ರಕಾಶಕರು ಆಕೆಯದನ್ನು ಬದಿಗಿಟ್ಟರು. ಅಚ್ಚಾದದ್ದು 2004ರಲ್ಲಿ, ಆಕೆಯ ಮುಪ್ಪಿನ ಕೊನೆಗೆ.

ಹಿರಿಯರ ಪ್ರಶ್ನೆಗೆ ಉತ್ತರ ಪುಸ್ತಕದೊಳಗೆ ಪೂರ್ತಿಯಾಗಿ ಇಲ್ಲ ಎಂದೇ ನಮ್ಮ ಭಾವನೆ. ಅದು ಸಿಗುವುದು ಪುಸ್ತಕ ಬಂದ 26 ವರ್ಷದ ಮೇಲೆ, ಪುಸ್ತಕವನ್ನು ನಿಷೇಧಿಸಿದ್ದ ಅದೇ ಕರ್ನ್ ಜಿಲ್ಲೆಯ ಡೆಲಾನೋ ಎಂಬ ಊರಿನ ದ್ರಾಕ್ಷಿ ತೋಟಗಳಲ್ಲಿ. ಅಲ್ಲಿ ಫಿಲಿಪಿನೋಗಳು ಮುಷ್ಕರ ಹೂಡಿದರೆ ಮೆಕ್ಸಿಕನ್ನರನ್ನು ತಂದು ಮುರಿಯುವುದು, ಮೆಕ್ಸಿಕನ್ನರು ಹೂಡಿದರೆ ಫಿಲಿಪಿನೋಗಳನ್ನು ತರುವುದು ಮಾಲೀಕರ ಹಳೆಯ ಪಟ್ಟು. 1965ರ ಸೆಪ್ಟೆಂಬರ್ 8ರಂದು ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳುತನದಲ್ಲಿ ಫಿಲಿಪಿನೋಗಳು ಕೆಲಸ ನಿಲ್ಲಿಸಿದರು. ಎಂಟು ದಿನದ ಮೇಲೆ ಸೀಸರ್ ಚಾವೆಜ್ ಅವರ ಸಂಘದ ಮೆಕ್ಸಿಕನ್ನರು ಸಭೆ ಸೇರಿ, ಈ ಸಲ ಒಳಗೆ ಹೋಗುವುದಿಲ್ಲ, ಹೊರಗೆ ಅವರ ಪಕ್ಕದಲ್ಲಿ ನಿಲ್ಲುತ್ತೇವೆ ಎಂದು ತೀರ್ಮಾನಿಸಿದರು. ಐದು ವರ್ಷ ಹಿಡಿಯಿತು. ಊರೂರಿನ ಗಿರಾಕಿಗಳು ದ್ರಾಕ್ಷಿ ಕೊಳ್ಳುವುದನ್ನು ಬಿಟ್ಟರು. 1970ರ ಜುಲೈನಲ್ಲಿ ಮಾಲೀಕರು ಸಂಘದೊಂದಿಗೆ ಕರಾರಿಗೆ ಸಹಿ ಹಾಕಿದರು. 1935ರಲ್ಲಿ ಅಮೆರಿಕದ ಕಾರ್ಖಾನೆಯ ಕೆಲಸಗಾರನಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ ಕಾನೂನು ಹೊಲದ ಕೂಲಿಯನ್ನು ಹೊರಗಿಟ್ಟಿತ್ತು. ಕ್ಯಾಲಿಫೋರ್ನಿಯದ ಹೊಲದವನಿಗೆ ಅಂಥ ಕಾನೂನು ಬಂದದ್ದು 1975ರಲ್ಲಿ, 40 ವರ್ಷ ತಡವಾಗಿ.

ಕೊನೆಯ ಪ್ರಸಂಗದ ಬಗ್ಗೆ ಒಂದು ಮಾತು. ಸತ್ತ ಮಗುವನ್ನು ಹೆತ್ತ ರೋಸ್ ಆಫ್ ಶರನ್, ಕೊಟ್ಟಿಗೆಯಲ್ಲಿ ಹಸಿವಿನಿಂದ ಸಾಯುತ್ತಿದ್ದ ಅಪರಿಚಿತನಿಗೆ ಎದೆಹಾಲು ಕೊಡುವ ಭಾಗವನ್ನು ಬಿಟ್ಟುಬಿಡೋಣ, ಹೆಂಗಸರಿದ್ದಾರೆ ಎಂದು ಕೆಲವರು ಸಂಕೋಚಪಟ್ಟರು. ಓದಿಸಿದವರು ಹೆಂಗಸರೇ. ಓದಿ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ನಾವೂ ಅದನ್ನು ವಿವರಿಸಲು ಹೋಗುವುದಿಲ್ಲ.

ಮುಂದಿನ ಭಾನುವಾರ 21ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕೆಂದು ಅಂಗಡಿಯ ಮಿತ್ರರೇ ಕೇಳಿದ್ದಾರೆ. ಬಾಗಿಲು ಹಾಕಿದ ಮೇಲೆ, ರಾತ್ರಿ ಎಂಟೂವರೆಗೆ ಇಡಿ ಎನ್ನುತ್ತಾರೆ. ಆ ಹೊತ್ತಿಗೆ ಎರಡನೆಯ ಪಾಳಿಯವರು ಕೆಲಸದ ಮೇಲಿರುತ್ತಾರೆ. ಈ ಅಧ್ಯಾಯವನ್ನು ಇಬ್ಬರೂ ಒಟ್ಟಿಗೆ ಕೂತು ಕೇಳಬೇಕೆಂಬುದು ನಮ್ಮ ಹಟ. ಆದುದರಿಂದ ಬೆಳಗಿನ ಏಳು ಗಂಟೆಗೆ ಇಟ್ಟರೆ ಯಾರಿಗೆ ಅಡ್ಡಿ ಎಂಬುದನ್ನು ಈಗಲೇ, ಏಳುವ ಮೊದಲು ಹೇಳಿ.